ಬಿಳಿ ಪುಡಿ, ಬಣ್ಣವಿಲ್ಲದ ನೀರು

1858ರ ಅಕ್ಟೋಬರ್ 30, ಶನಿವಾರ. ಇಂಗ್ಲೆಂಡಿನ ಉಣ್ಣೆ ಗಿರಣಿಗಳ ಊರಾದ ಬ್ರಾಡ್‌ಫರ್ಡ್‌ನ ಮಾರುಕಟ್ಟೆಯಲ್ಲಿ ಒಬ್ಬ ವ್ಯಾಪಾರಿ ಎಂದಿನಂತೆ ಪೆಪ್ಪರ್‌ಮಿಂಟ್ ಮಾರಿದ. ಅದಾದ ಮೇಲೆ ಮೊದಲು ಇಬ್ಬರು ಮಕ್ಕಳು ಸತ್ತರು. ಕಾಲರಾ ಇರಬೇಕೆಂದು ಊರು ಅಂದುಕೊಂಡಿತು. ಸಾವಿನ ಲೆಕ್ಕ ಏರುತ್ತಾ ಹೋದಾಗಲೇ ಎಲ್ಲರ ಕಣ್ಣು ಮಿಠಾಯಿಯ ಮೇಲೆ ಬಿದ್ದದ್ದು. ಒಟ್ಟು ಇಪ್ಪತ್ತರಷ್ಟು ಜನ ಸತ್ತರು, ಇನ್ನೂರಕ್ಕೂ ಹೆಚ್ಚು ಮಂದಿ ಹಾಸಿಗೆ ಹಿಡಿದರು.

ನಡೆದದ್ದು ಇಷ್ಟು. ಆ ಕಾಲದಲ್ಲಿ ಸಕ್ಕರೆ ತುಟ್ಟಿ. ಮಿಠಾಯಿ ಮಾಡುವವರು ಅದಕ್ಕೆ ಜಿಪ್ಸಮ್‌ನಂಥ ಅಗ್ಗದ ಬಿಳಿ ಪುಡಿ ಬೆರೆಸುತ್ತಿದ್ದರು. ಅದಕ್ಕೆ ‘ಡಾಫ್ಟ್’ ಎಂದು ಹೆಸರು. ಮಿಠಾಯಿ ತಯಾರಕನೊಬ್ಬ ಆ ಪುಡಿ ತರಲು ಪಕ್ಕದ ಊರಿನ ಔಷಧದ ಅಂಗಡಿಗೆ ಆಳು ಕಳಿಸಿದ. ಅಂಗಡಿಯ ಯಜಮಾನ ಕಾಯಿಲೆ ಬಿದ್ದು ಮಲಗಿದ್ದ. ಹೊಸ ಸಹಾಯಕ ಬಂದು ಕೇಳಿದಾಗ, ಅಟ್ಟದ ಮೂಲೆಯ ಪೀಪಾಯಿಯಲ್ಲಿದೆ ನೋಡು ಎಂದ. ಸಹಾಯಕ ಮೂಲೆಯ ಪೀಪಾಯಿಯಿಂದ 12 ಪೌಂಡ್ ತೂಗಿ ಕೊಟ್ಟ. ಅದು ಬೇರೆ ಪೀಪಾಯಿ. ಅದರಲ್ಲಿದ್ದದ್ದು ಆರ್ಸೆನಿಕ್, ನಮ್ಮ ಹಿರಿಯರು ಪಾಷಾಣ ಎನ್ನುತ್ತಿದ್ದದ್ದು. ಅದೂ ಬಿಳಿ ಪುಡಿಯೇ.

ಈ ಕಥೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಆಮೇಲಿನ ಸಂಗತಿ. ಮಿಠಾಯಿ ಕುದಿಸಿದ ಕೆಲಸಗಾರನಿಗೆ ಪಾಕ ಎಂದಿನಂತಿಲ್ಲ ಎಂದು ಗೊತ್ತಾಗಿತ್ತು. ಅವನಿಗೇ ವಾಂತಿಯೂ ಆಯಿತು. ಮಾರುವವನಿಗೂ ಬಣ್ಣ ಬೇರೆಯಾಗಿ ಕಂಡಿತ್ತು. ಅದೇ ನೆಪದಲ್ಲಿ ಅವನು ಚೌಕಾಸಿ ಮಾಡಿ ಬೆಲೆ ಇಳಿಸಿಕೊಂಡ. ಅನುಮಾನ ಬಂದವರು ಒಬ್ಬಿಬ್ಬರಲ್ಲ. ಆದರೆ ಅನುಮಾನ ಬಂದಾಗ ಕೈ ತಡೆಯುವುದು ಯಾರ ಕೆಲಸವೂ ಆಗಿರಲಿಲ್ಲ. ಸಹಾಯಕ, ಯಜಮಾನ, ಮಿಠಾಯಿ ತಯಾರಕ ಮೂವರ ಮೇಲೂ ನರಹತ್ಯೆಯ ಆರೋಪ ಬಂತು. ಕೊನೆಗೆ ಯಾರಿಗೂ ಶಿಕ್ಷೆಯಾಗಲಿಲ್ಲ. ಬದಲಿಗೆ ಕಾನೂನುಗಳು ಬಂದವು: 1860ರಲ್ಲಿ ಆಹಾರದ ಕಲಬೆರಕೆಗೆ ಒಂದು, 1868ರಲ್ಲಿ ವಿಷ ಮತ್ತು ಔಷಧ ಮಾರುವವರಿಗೆ ಇನ್ನೊಂದು. ಚಿಲ್ಲರೆಯಾಗಿ ಮಾರುವ ಆರ್ಸೆನಿಕ್‌ಗೆ ಮಸಿಯನ್ನೋ ನೀಲಿಯನ್ನೋ ಬೆರೆಸಿ ಬಣ್ಣಗೆಡಿಸಬೇಕೆಂಬ ಕಾನೂನು 1851ರಲ್ಲೇ ಬಂದಿತ್ತು ಎಂಬುದನ್ನೂ ಇಲ್ಲಿ ಹೇಳಬೇಕು. ಆ ಪೀಪಾಯಿಯನ್ನು ಮಾತ್ರ ಬಣ್ಣ ಮುಟ್ಟಿರಲಿಲ್ಲ.

ನರ್ಸುಗಳು ಔಷಧ ಕೊಡುವ ಕೆಲಸದ ಚರಿತ್ರೆಯನ್ನು ಮಿಠಾಯಿ ಅಂಗಡಿಯಿಂದ ಶುರುಮಾಡುವುದು ವಿಚಿತ್ರವೆನಿಸಬಹುದು. ನರ್ಸಿಂಗ್ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ನಾನು ಇಲ್ಲಿಂದಲೇ ಶುರುಮಾಡುತ್ತಿದ್ದೆ. ಕಾರಣ, ಆಸ್ಪತ್ರೆಯಲ್ಲಿ ಮುಂದೆ ಆದ ದುರಂತಗಳೆಲ್ಲ ಹೆಚ್ಚುಕಡಿಮೆ ಇದೇ ಅಟ್ಟದಲ್ಲಿ ಆದಂಥವು. ಒಂದೇ ತೆರನಾಗಿ ಕಾಣುವ ಎರಡು ವಸ್ತು, ಅಕ್ಕಪಕ್ಕದ ಜಾಗ, ಅವಸರ, ಅಸ್ಪಷ್ಟವಾದ ಒಂದು ಮಾತು, ಕೊನೆಯಲ್ಲಿ ನಿಂತ ಕಿರಿಯ ಕೈ.

ಹತ್ತೊಂಬತ್ತನೆಯ ಶತಮಾನ ಇದಕ್ಕೆ ಕಂಡುಕೊಂಡ ಒಂದು ಪರಿಹಾರ ನನಗೆ ಬಹಳ ಇಷ್ಟ. ವಿಷದ ಸೀಸೆಗಳನ್ನು ಗಾಢ ನೀಲಿ ಅಥವಾ ಹಸಿರು ಗಾಜಿನಲ್ಲಿ, ಆರು ಮುಖಗಳಾಗಿ, ಮೈತುಂಬ ಗೀರು ಏಳುವಂತೆ ಎರಕ ಹೊಯ್ಯತೊಡಗಿದರು. ಮೇಣದಬತ್ತಿಯ ಬೆಳಕಿನಲ್ಲಿ ಲೇಬಲ್ ಓದಲಾಗದಿದ್ದರೂ ಬೆರಳಿಗೆ ಗೀರು ತಾಗಿದ ಕೂಡಲೇ ಇದು ಕುಡಿಯುವುದಲ್ಲ ಎಂದು ತಿಳಿಯಬೇಕು. ಇಂದು ಆ ಸೀಸೆಗಳನ್ನು ಹಳೆಯ ವಸ್ತುಗಳ ಹವ್ಯಾಸಿಗಳು ಹುಡುಕಿ ಕೊಳ್ಳುತ್ತಾರೆ. ‘ಜಾಗ್ರತೆಯಾಗಿರು’ ಎಂಬ ಉಪದೇಶವನ್ನು ಮನುಷ್ಯನಿಗೆ ಹೇಳದೆ ಸೀಸೆಯ ಮೈಮೇಲೇ ಬರೆದ ಜಾಣತನ ಅದು.

ಆದರೆ ಆಸ್ಪತ್ರೆಯ ವಾರ್ಡು ಬೇರೆ ದಾರಿ ಹಿಡಿಯಿತು. ಅಲ್ಲಿ ಸೀಸೆಗಿಂತ ನರ್ಸನ್ನು ತಿದ್ದುವ ಕೆಲಸ ಜೋರಾಗಿ ನಡೆಯಿತು. ಲೇಬಲನ್ನು ಮೂರು ಸಲ ಓದು: ಕಪಾಟಿನಿಂದ ತೆಗೆಯುವಾಗ, ಬಗ್ಗಿಸುವಾಗ, ತಿರುಗಿ ಇಡುವಾಗ. ಇನ್ನೊಬ್ಬರು ತುಂಬಿಟ್ಟದ್ದನ್ನು ನೀನು ಕೊಡಬೇಡ. ಕೊಟ್ಟ ಮೇಲೆ ಬರೆ, ಕೊಡುವ ಮೊದಲೇ ಬರೆಯಬೇಡ. ಎಲ್ಲವೂ ಒಳ್ಳೆಯ ನಿಯಮಗಳೇ, ಇಂದಿಗೂ ಸಲ್ಲುವಂಥವು. ಇವುಗಳಿಗೆ ಮುಕುಟದಂತೆ ಇಪ್ಪತ್ತನೆಯ ಶತಮಾನದ ನರ್ಸಿಂಗ್ ಪಠ್ಯಗಳಲ್ಲಿ ‘ಫೈವ್ ರೈಟ್ಸ್’ ನೆಲೆಯೂರಿತು: ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ವೇಳೆ. ಮಗ್ಗಿ ಒಪ್ಪಿಸಿದಂತೆ ಒಪ್ಪಿಸಬಹುದು. ಪರೀಕ್ಷೆಗೂ ಅನುಕೂಲ. ಮುಂದೆ ಇದಕ್ಕೆ ಸರಿಯಾದ ದಾಖಲೆ, ಸರಿಯಾದ ಕಾರಣ ಎಂದು ಸೇರಿಸುತ್ತಾ ಸೇರಿಸುತ್ತಾ ಪಟ್ಟಿ ಏಳಾಯಿತು, ಹತ್ತಾಯಿತು.

ಇವುಗಳಲ್ಲಿ ಮೊದಲನೆಯದೇ ಎಷ್ಟು ಕಷ್ಟದ್ದು ಎಂದು ನಮ್ಮ ಕಡೆಯ ಯಾವುದೇ ಜನರಲ್ ವಾರ್ಡಿಗೆ ಹೋದರೆ ಗೊತ್ತಾಗುತ್ತದೆ. ಅಡ್ಡಹೆಸರಿನ ರೂಢಿ ಕಡಿಮೆ ಇರುವ ಸೀಮೆಗಳಲ್ಲಿ ಒಂದೇ ಸಾಲಿನಲ್ಲಿ ಇಬ್ಬರು ಲಕ್ಷ್ಮಮ್ಮ ಮಲಗಿರುತ್ತಾರೆ. ‘ಲಕ್ಷ್ಮಮ್ಮ ಅಲ್ವೇನಜ್ಜಿ?’ ಎಂದು ಕೇಳಿದರೆ ಕಿವಿ ಮಂದವಾದ ಗೌರಮ್ಮನೂ ‘ಹ್ಞೂಂ ಕಣವ್ವ’ ಅಂದುಬಿಡುತ್ತದೆ. ಸಿಸ್ಟರ್ ಕೇಳಿದ್ದಕ್ಕೆ ಇಲ್ಲ ಎನ್ನುವುದು ಹೇಗೆ ಎಂಬ ಸಂಕೋಚ ಬೇರೆ. ಆದ್ದರಿಂದಲೇ ಹೆಸರನ್ನು ನಾವು ಹೇಳಬಾರದು, ಅವರಿಂದ ಹೇಳಿಸಬೇಕು. ಆಮೇಲೆ ಕೈಪಟ್ಟಿಯ ನಂಬರನ್ನೋ ಹುಟ್ಟಿದ ದಿನವನ್ನೋ ಸೇರಿಸಿ ತಾಳೆ ನೋಡಬೇಕು. ಹಾಸಿಗೆಯ ನಂಬರ್ ಲೆಕ್ಕಕ್ಕಿಲ್ಲ. ಕಿಟಕಿ ಪಕ್ಕದ ಹಾಸಿಗೆ ಖಾಲಿಯಾದರೆ ಅಜ್ಜಿ ತಾನೇ ಎದ್ದು ಹೋಗಿ ಅಲ್ಲಿ ಮಲಗಿರುತ್ತಾಳೆ.

1962 ಈ ಚರಿತ್ರೆಯಲ್ಲಿ ಮರೆಯಬಾರದ ವರ್ಷ. ಆ ಮಾರ್ಚ್‌ನಲ್ಲಿ ನ್ಯೂಯಾರ್ಕ್ ರಾಜ್ಯದ ಬಿಂಗಮ್ಟನ್ ಎಂಬ ಊರಿನ ಆಸ್ಪತ್ರೆಯಲ್ಲಿ ಆರು ಹಸುಗೂಸುಗಳು ಸತ್ತವು. ಕೂಸುಗಳ ಹಾಲಿಗೆ ಬೆರೆಸುವ ಸಕ್ಕರೆ ಡಬ್ಬಿಗೆ ಯಾರೋ ಉಪ್ಪು ತುಂಬಿದ್ದರು. ಮತ್ತೆ ಬಿಳಿ ಪುಡಿ, ಮತ್ತೆ ಬಿಳಿ ಪುಡಿ. ಬ್ರಾಡ್‌ಫರ್ಡ್‌ನಿಂದ ಇಲ್ಲಿಗೆ ನೂರು ವರ್ಷ ದಾಟಿತ್ತು. ಪೆನಿಸಿಲಿನ್ ಬಂದಿತ್ತು, ತೆರೆದ ಹೃದಯದ ಶಸ್ತ್ರಚಿಕಿತ್ಸೆ ಬಂದಿತ್ತು. ಡಬ್ಬಿಗಳು ಮಾತ್ರ ಅಟ್ಟದ ಪೀಪಾಯಿಗಳಂತೆಯೇ ಇದ್ದವು.

ಅದೇ ವರ್ಷ ಅಮೆರಿಕದ ಫ್ಲಾರಿಡಾದಲ್ಲಿ ಕೆನೆತ್ ಬಾರ್ಕರ್ ಮತ್ತು ವಾರೆನ್ ಮೆಕಾನೆಲ್ ಎಂಬಿಬ್ಬರು ಒಂದು ಅಧ್ಯಯನ ಪ್ರಕಟಿಸಿದರು. ಅವರು ಬಳಸಿದ ಉಪಾಯ ಎಷ್ಟು ಸರಳ ಎಂದರೆ, ಅಷ್ಟರವರೆಗೆ ಯಾರಿಗೂ ಯಾಕೆ ಹೊಳೆಯಲಿಲ್ಲವೋ ಎನಿಸುತ್ತದೆ. ತಪ್ಪಾಗಿದೆಯೇ ಎಂದು ನರ್ಸನ್ನು ಕೇಳುವುದನ್ನು ಬಿಟ್ಟು, ಆಕೆ ಔಷಧ ಕೊಡುವಾಗ ಜೊತೆಗೆ ನಿಂತು ನೋಡಿದರು. ನೋಡಿದ್ದನ್ನು ಆಮೇಲೆ ವೈದ್ಯರ ಆದೇಶದ ಜೊತೆ ಹೋಲಿಸಿದರು. ಸುಮಾರು ಆರು ಡೋಸಿಗೆ ಒಂದರಲ್ಲಿ ಏನಾದರೊಂದು ವ್ಯತ್ಯಾಸ ಸಿಕ್ಕಿತು. ಹೆಚ್ಚಿನವು ವೇಳೆ ತಪ್ಪಿದ್ದು, ಬಿಟ್ಟುಹೋದದ್ದು ಇಂಥವೇ, ಪ್ರಾಣಕ್ಕೆ ಎರವಾಗುವಂಥವಲ್ಲ. ಆದರೆ ಆಸ್ಪತ್ರೆಯ ತಪ್ಪು ವರದಿಗಳ ಪುಸ್ತಕದಲ್ಲಿ ಇವುಗಳ ಸುಳಿವೇ ಇರಲಿಲ್ಲವೆನ್ನಬೇಕು. ನರ್ಸುಗಳು ಮುಚ್ಚಿಟ್ಟರು ಎಂದಲ್ಲ, ಎಷ್ಟೋ ಸಲ ತಪ್ಪಾಯಿತೆಂದು ಅವರಿಗೇ ಗೊತ್ತಾಗಿರಲಿಲ್ಲ.

ಆ ಕಾಲದ ವಾರ್ಡಿನಲ್ಲಿ ಔಷಧ ಹೇಗೆ ಹಂಚುತ್ತಿದ್ದರೆಂದು ನೆನೆದರೆ ಇದರಲ್ಲಿ ಆಶ್ಚರ್ಯವಿಲ್ಲ. ಕಪಾಟಿನ ತುಂಬ ದೊಡ್ಡ ದೊಡ್ಡ ಸೀಸೆಗಳು. ವೈದ್ಯರ ಆದೇಶವನ್ನು ನೋಡಿ ಪುಟ್ಟ ಕಾರ್ಡಿಗೆ ನಕಲು ಮಾಡಬೇಕು. ಟ್ರೇಯಲ್ಲಿ ಸಾಲಾಗಿ ಪುಟ್ಟ ಲೋಟಗಳು, ಪ್ರತಿ ಲೋಟದ ಪಕ್ಕ ಒಂದು ಕಾರ್ಡು. ಎಣಿಸಿ ಹಾಕಿದ ಮಾತ್ರೆಗಳಿಗೆ ಲೋಟಕ್ಕೆ ಬಿದ್ದ ಮೇಲೆ ಹೆಸರಿಲ್ಲ. ಟ್ರೇಗೆ ಯಾರಾದರೂ ಮೊಣಕೈ ತಾಗಿಸಿ ಎರಡು ಕಾರ್ಡು ಅದಲುಬದಲಾದರೆ ಮುಗಿಯಿತು. ಒಬ್ಬ ರೋಗಿಗೆ ಒಂದು ಹೊತ್ತಿಗೆ ಬೇಕಾದಷ್ಟನ್ನೇ ಫಾರ್ಮಸಿಯಲ್ಲಿ ಕಟ್ಟಿ, ಹೆಸರು ಬರೆದು ಕಳಿಸುವ ‘ಯೂನಿಟ್ ಡೋಸ್’ ಪದ್ಧತಿ ಅಮೆರಿಕದಲ್ಲಿ ರೂಪುಗೊಂಡದ್ದು ಇದೇ ಅರವತ್ತರ ದಶಕದಲ್ಲಿ. ಮಾತ್ರೆ ರೋಗಿಯ ಬಾಯಿಗೆ ಹೋಗುವವರೆಗೂ ತನ್ನ ಹೆಸರನ್ನು ತಾನೇ ಹೊತ್ತುಕೊಂಡಿರುತ್ತದೆ. ಸ್ಟ್ರಿಪ್ಪಿನಿಂದ ಮಾತ್ರೆಯನ್ನು ರೋಗಿಯ ಎದುರಿಗೇ ಬಿಡಿಸಿ ಕೊಡಬೇಕು ಎಂದು ವಿದ್ಯಾರ್ಥಿಗಳಿಗೆ ಹೇಳುವುದೂ ಈ ಕಾರಣಕ್ಕೇ.

ಬಿಳಿ ಪುಡಿಯ ಜಾಗಕ್ಕೆ ಮುಂದೆ ಬಣ್ಣವಿಲ್ಲದ ನೀರು ಬಂತು. ಸಲೈನ್ ಅಂದರೆ ಉಪ್ಪು ನೀರು, ಸೋಡಿಯಂ ಕ್ಲೋರೈಡ್. ರಕ್ತನಾಳಕ್ಕೆ ಹಾಕಿದ ನಳಿಗೆ ಕಟ್ಟಿಕೊಳ್ಳದಂತೆ ದಿನಕ್ಕೆ ಹತ್ತು ಸಲ ಅದರಲ್ಲಿ ತೊಳೆಯುತ್ತಾರೆ. ಪೊಟ್ಯಾಸಿಯಂ ಕ್ಲೋರೈಡ್ ಕೂಡ ಒಂದು ಉಪ್ಪೇ. ದೇಹದಲ್ಲಿ ಪೊಟ್ಯಾಸಿಯಂ ಇಳಿದಾಗ ಅದನ್ನು ದೊಡ್ಡ ಬಾಟಲಿಯಲ್ಲಿ ತೆಳುಮಾಡಿ, ಗಂಟೆಗಟ್ಟಲೆ ನಿಧಾನವಾಗಿ ಏರಿಸುತ್ತಾರೆ. ತೆಳುಮಾಡದೆ ನೇರವಾಗಿ ಚುಚ್ಚಿದರೆ ಹೃದಯ ನಿಲ್ಲುತ್ತದೆ. ಅಮೆರಿಕದ ಜೈಲುಗಳಲ್ಲಿ ಮರಣದಂಡನೆಯ ಚುಚ್ಚುಮದ್ದಿಗೆ ಬಳಸಿದ ಔಷಧಗಳಲ್ಲಿ ಇದೂ ಒಂದು. ಇಂಥದ್ದು ದಶಕಗಳ ಕಾಲ ವಾರ್ಡಿನ ಕಪಾಟಿನಲ್ಲಿ ಸಲೈನ್ ಪಕ್ಕದಲ್ಲಿ, ಅಷ್ಟೇ ಗಾತ್ರದ ಸೀಸೆಯಲ್ಲಿ, ಅಷ್ಟೇ ತಿಳಿಯಾಗಿ ಕೂತಿತ್ತು.

ಅಲ್ಲಿನ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ ಎಂಬ ಸಂಸ್ಥೆ ಗಂಭೀರ ದುರಂತಗಳ ಬಗ್ಗೆ ಎಚ್ಚರಿಕೆಯ ಪ್ರಕಟಣೆಗಳನ್ನು ಹೊರಡಿಸುತ್ತದೆ. 1998ರ ಫೆಬ್ರವರಿಯಲ್ಲಿ ಬಂದ ಅದರ ಮೊಟ್ಟಮೊದಲ ಪ್ರಕಟಣೆಯ ವಿಷಯವೇ ಇದು. ಎರಡು ವರ್ಷಗಳಲ್ಲಿ ತನ್ನ ಗಮನಕ್ಕೆ ಬಂದ ಪೊಟ್ಯಾಸಿಯಂ ಕ್ಲೋರೈಡಿನ ಹತ್ತು ಸಾವುಗಳನ್ನು ಅದು ಪರಿಶೀಲಿಸಿತ್ತು. ಅವುಗಳಲ್ಲಿ ಎಂಟು ನೇರವಾಗಿ ಗಾಢ ದ್ರಾವಣ ಹೋಗಿ ಆದದ್ದು. ಆ ಎಂಟರಲ್ಲಿ ಆರರಲ್ಲಿ ಅದನ್ನು ಬೇರೆ ಔಷಧವೆಂದು ತಿಳಿಯಲಾಗಿತ್ತು. ಸಂಸ್ಥೆ ನರ್ಸುಗಳಿಗೆ ಇನ್ನೂ ಎಚ್ಚರವಾಗಿರಿ ಎಂದಷ್ಟೇ ಹೇಳಿ ಕೂರಲಿಲ್ಲ. ಆ ಸೀಸೆಯನ್ನೇ ವಾರ್ಡಿನಿಂದ ಹೊರಗಿಡಿ ಎಂದಿತು. ಬ್ರಿಟನ್ನಿನ ರೋಗಿ ಸುರಕ್ಷತಾ ಸಂಸ್ಥೆಯ ಮೊದಲ ಎಚ್ಚರಿಕೆಯೂ, 2002ರಲ್ಲಿ, ಪೊಟ್ಯಾಸಿಯಂ ಕ್ಲೋರೈಡಿನ ಬಗ್ಗೆಯೇ. ಕಪಾಟಿನಲ್ಲಿ ಇಲ್ಲದ್ದನ್ನು ಅವಸರದಲ್ಲಿ ಕೈ ಎತ್ತಿಕೊಳ್ಳಲಾರದು. ನೂರು ವರ್ಷದ ಉಪದೇಶ ಮಾಡದ ಕೆಲಸವನ್ನು ಒಂದು ಖಾಲಿ ಜಾಗ ಮಾಡಿತು ಎಂದು ನನಗನಿಸುತ್ತದೆ. ನಮ್ಮಲ್ಲೂ ಎನ್‌ಎಬಿಎಚ್ ಮಾನ್ಯತೆ ಪಡೆದ ಆಸ್ಪತ್ರೆಗಳಲ್ಲಿ ಹೆಚ್ಚು ಅಪಾಯದ ಔಷಧಗಳಿಗೆ ಬೇರೆ ಪಟ್ಟಿ ಇರುತ್ತದೆ, ಕೊಡುವ ಮೊದಲು ಇಬ್ಬರು ನೋಡಬೇಕು. ರಾತ್ರಿ ಪಾಳಿಯಲ್ಲಿ ಆ ಎರಡನೆಯವರು ಎಲ್ಲಿಂದ ಬರಬೇಕು ಎಂಬುದು ಬೇರೆ ಮಾತು.

ಐದು ‘ಸರಿ’ಗಳಿಗೆ ಇನ್ನೊಂದು ಮಿತಿ ಇದೆ. ಅದು ಬಯಲಾದದ್ದು 1994ರಲ್ಲಿ, ಬಾಸ್ಟನ್ನಿನ ಹೆಸರಾಂತ ಡಾನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಯಲ್ಲಿ. ಬೆಟ್ಸಿ ಲೇಮನ್ ‘ಬಾಸ್ಟನ್ ಗ್ಲೋಬ್’ ಪತ್ರಿಕೆಯಲ್ಲಿ ಆರೋಗ್ಯದ ಬಗ್ಗೆ ಬರೆಯುತ್ತಿದ್ದವರು, ವಯಸ್ಸು 39. ಸ್ತನ ಕ್ಯಾನ್ಸರಿಗೆ ಅವರಿಗೆ ಸೈಕ್ಲೋಫಾಸ್ಫಮೈಡ್ ಕೊಡಬೇಕಿತ್ತು. ಆದೇಶದಲ್ಲಿದ್ದ ಮೊತ್ತ ನಾಲ್ಕು ದಿನಕ್ಕೆ ಹಂಚಬೇಕಾದದ್ದೋ, ನಾಲ್ಕು ದಿನವೂ ದಿನಕ್ಕಿಷ್ಟರಂತೆ ಕೊಡಬೇಕಾದದ್ದೋ ಎಂಬ ಗೊಂದಲದಲ್ಲಿ ಪೂರ್ತಿ ಮೊತ್ತ ದಿನಾಲೂ ಹೋಯಿತು. ನಾಲ್ಕು ಪಟ್ಟು. ಅವರು ಡಿಸೆಂಬರ್‌ನಲ್ಲಿ ತೀರಿಕೊಂಡರು. ತಪ್ಪು ಹೊರಬಿದ್ದದ್ದು ತಿಂಗಳುಗಳ ನಂತರ, ಅಂಕಿಅಂಶಗಳ ದಾಖಲೆ ನೋಡುವಾಗ.

ಈಗ ಐದು ಸರಿಗಳ ಪಟ್ಟಿ ಹಿಡಿದು ಈ ಪ್ರಕರಣವನ್ನು ನೋಡಿ. ರೋಗಿ ಸರಿ, ಔಷಧ ಸರಿ, ಮಾರ್ಗ ಸರಿ, ವೇಳೆ ಸರಿ. ಪ್ರಮಾಣ? ಆದೇಶಕ್ಕೆ ತಾಳೆ ನೋಡಿದರೆ ಅದೂ ಸರಿ. ತಪ್ಪಿದ್ದದ್ದು ಆದೇಶವೆಂಬ ವಾಕ್ಯದಲ್ಲಿ. ಸಾಹಿತ್ಯದ ಓದುಗರಿಗೆ ಅನೇಕಾರ್ಥ ಒಂದು ಸೊಗಸು. ಔಷಧದ ಚೀಟಿಯಲ್ಲಿ ಅದು ಕೊಲ್ಲುತ್ತದೆ. ಇನ್ಸುಲಿನ್ 4 ಯೂನಿಟ್ ಎನ್ನುವುದಕ್ಕೆ ಅಂಕಿಯ ಪಕ್ಕ ಇಂಗ್ಲಿಷಿನ ‘ಯು’ ಅಕ್ಷರವನ್ನು ಅವಸರದಲ್ಲಿ ಗೀಚಿದರೆ ಅದು ಸೊನ್ನೆಯಂತೆ ಕಂಡು 40 ಆಗುತ್ತದೆ. ಪೂರ್ಣಸಂಖ್ಯೆಯ ಮುಂದೆ ಬಿಂದು ಇಟ್ಟು ಸೊನ್ನೆ ಬರೆದರೆ, ಆ ಬಿಂದು ಮಾಸಿದಾಗ ಹತ್ತು ಪಟ್ಟು. ಇಂಥ ಬರವಣಿಗೆಗಳನ್ನು ಬಳಸಲೇಕೂಡದು ಎಂಬ ಪಟ್ಟಿಯನ್ನು ಜಾಯಿಂಟ್ ಕಮಿಷನ್ 2004ರಲ್ಲಿ ಜಾರಿಗೆ ತಂದಿತು. ನಮ್ಮ ದೇಶದ ವೈದ್ಯಕೀಯ ಮಂಡಳಿ, ಚೀಟಿಯನ್ನು ಓದಲಾಗುವಂತೆ, ಆದಷ್ಟೂ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ನಿಯಮ ತಿದ್ದಿದ್ದು 2016ರಲ್ಲಿ. ನಿಮ್ಮ ಮನೆಯ ಹಳೆಯ ಚೀಟಿಗಳನ್ನು ತೆಗೆದು ನೋಡಿದರೆ ಆ ತಿದ್ದುಪಡಿಯ ಗತಿ ಏನಾಯಿತೆಂದು ನೀವೇ ತೀರ್ಮಾನಿಸಬಹುದು.

ಬಾಸ್ಟನ್ ಪ್ರಕರಣದ ನರ್ಸುಗಳ ಮೇಲೆ ರಾಜ್ಯದ ನರ್ಸಿಂಗ್ ಮಂಡಳಿ ವರ್ಷಗಳ ನಂತರ ಶಿಸ್ತುಕ್ರಮಕ್ಕೆ ಮುಂದಾಯಿತು. ಇಂಗ್ಲಿಷಿನ ‘ರೈಟ್’ಗೆ ಸರಿ ಎಂಬ ಅರ್ಥವೂ ಇದೆ, ಹಕ್ಕು ಎಂಬ ಅರ್ಥವೂ ಇದೆ. ಕನ್ನಡದಲ್ಲಿ ಇವೆರಡೂ ಬೇರೆ ಬೇರೆ ಮಾತುಗಳಾದ್ದರಿಂದ ಆ ಶ್ಲೇಷೆ ನಮಗೆ ಕೈಗೆ ಸಿಗದು. ಮ್ಯಾಸಚೂಸೆಟ್ಸ್‌ನ ನರ್ಸುಗಳು 1999ರಲ್ಲಿ ತಮ್ಮ ಸಂಘದ ಪತ್ರಿಕೆಯಲ್ಲಿ ಆ ಶ್ಲೇಷೆಯನ್ನೇ ಹಿಡಿದು, ನರ್ಸಿನ ಆರು ‘ರೈಟ್’ಗಳನ್ನು ಮಂಡಿಸಿದರು: ಪೂರ್ಣವಾಗಿ, ಸ್ಪಷ್ಟವಾಗಿ ಬರೆದ ಆದೇಶ ಪಡೆಯುವ ಹಕ್ಕು, ಫಾರ್ಮಸಿಯಿಂದ ಸರಿಯಾದ ಔಷಧವೇ ಬರುವ ಹಕ್ಕು, ಔಷಧದ ಬಗ್ಗೆ ಮಾಹಿತಿಯ ಹಕ್ಕು, ಔಷಧ ಕೊಡುವ ಬಗ್ಗೆ ಸಂಸ್ಥೆಯ ನಿಯಮಗಳಿರಬೇಕೆಂಬ ಹಕ್ಕು, ಸುರಕ್ಷಿತವಾಗಿ ಕೊಡುವ, ದೋಷ ಕಂಡರೆ ಹೇಳುವ ಹಕ್ಕು, ನಿಂತು ಯೋಚಿಸುವ ಹಕ್ಕು. ಕೊನೆಯದನ್ನು ಓದುವಾಗ ನನಗೆ ಬ್ರಾಡ್‌ಫರ್ಡ್‌ನ ಮಿಠಾಯಿ ಕೆಲಸಗಾರ ನೆನಪಾಗುತ್ತಾನೆ. ಪಾಕ ಬೇರೆಯಾಗಿದೆ ಎಂದು ಅವನಿಗೆ ಅನ್ನಿಸಿತ್ತು. ಒಲೆ ಆರಿಸುವ ಹಕ್ಕು ಅವನಿಗಿರಲಿಲ್ಲ.

ಇನ್ನೊಂದು ಔಷಧದ ಮಾತು ಹೇಳಬೇಕು. ನಿತ್ಯಪುಷ್ಪ ನಮ್ಮ ಅಂಗಳಗಳಲ್ಲಿ ಯಾರೂ ನೀರು ಹಾಕದಿದ್ದರೂ ಹೂ ಬಿಡುವ ಗಿಡ. ಮೂಲತಃ ಮಡಗಾಸ್ಕರಿನದು. ಅದರಿಂದ ತೆಗೆದ ವಿನ್‌ಕ್ರಿಸ್ಟೀನ್‌ಗೆ 1963ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ರಕ್ತದ ಕ್ಯಾನ್ಸರಿನ ಎಷ್ಟೋ ಮಕ್ಕಳು ಬದುಕಿದ್ದರಲ್ಲಿ ಅದರ ಪಾಲಿದೆ. ಆದರೆ ಅದನ್ನು ರಕ್ತನಾಳಕ್ಕೆ ಮಾತ್ರ ಕೊಡಬೇಕು. ಬೆನ್ನುಹುರಿಯ ದ್ರವಕ್ಕೆ ಹೋದರೆ ಬಹುತೇಕ ಸಾವೇ. ಇದೇ ರೋಗಿಗಳಿಗೆ ಬೆನ್ನಿಗೆ ಕೊಡಬೇಕಾದ ಬೇರೆ ಔಷಧಗಳೂ ಇರುತ್ತವೆ. ಎರಡೂ ಸಿರಿಂಜಿನಲ್ಲಿ ಬಂದರೆ ಸಿರಿಂಜು ಸಿರಿಂಜಿನಂತೆಯೇ ಕಾಣುತ್ತದೆ. 2001ರ ಜನವರಿಯಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ 18 ವರ್ಷದ ಹುಡುಗನೊಬ್ಬನಿಗೆ ವೈದ್ಯರು ಹೀಗೆ ಕೊಟ್ಟರು. ಕೆಲವೇ ವಾರಗಳಲ್ಲಿ ಆತ ತೀರಿಕೊಂಡ. ವೈದ್ಯರೊಬ್ಬರಿಗೆ ಜೈಲಾಯಿತು. ತನಿಖೆ ನಡೆಸಿದ ಬ್ರಯಾನ್ ಟಾಫ್ಟ್ ಮಾತ್ರ ಆಸ್ಪತ್ರೆಯ ವ್ಯವಸ್ಥೆಯಲ್ಲೇ ನಲವತ್ತರಷ್ಟು ದೌರ್ಬಲ್ಯಗಳನ್ನು ಗುರುತಿಸಿದರು. ಇದಕ್ಕೂ ಪರಿಹಾರ ಸೀಸೆಯ ಜಾತಿಯದೇ. ವಿನ್‌ಕ್ರಿಸ್ಟೀನನ್ನು ಸಿರಿಂಜಿಗೆ ತುಂಬಲೇಬೇಡಿ, ಪುಟ್ಟ ಡ್ರಿಪ್ ಚೀಲದಲ್ಲಿ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಹೇಳಿತು. ಚೀಲವನ್ನು ಬೆನ್ನಿನ ಸೂಜಿಗೆ ಸಿಕ್ಕಿಸಲು ಯಾರ ಕೈಯೂ ಸುಮ್ಮನೆ ಹೋಗುವುದಿಲ್ಲ.

ಈ ಚರಿತ್ರೆ ಇಲ್ಲಿಂದ ಮುಂದೆ ಹಸನಾಯಿತು ಎಂದು ಬರೆಯಬಹುದಿತ್ತು, 2017ರ ಡಿಸೆಂಬರ್ ಇಲ್ಲದಿದ್ದರೆ. ಅಮೆರಿಕದ ನ್ಯಾಶ್‌ವಿಲ್‌ನ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಆಸ್ಪತ್ರೆ. 75 ವರ್ಷದ ಮಹಿಳೆಯೊಬ್ಬರಿಗೆ ಸ್ಕ್ಯಾನ್ ಆಗಬೇಕಿತ್ತು. ಇಕ್ಕಟ್ಟಾದ ಜಾಗದ ಭಯ. ಆತಂಕ ತಗ್ಗಿಸಲು ವರ್ಸೆಡ್ ಕೊಡಿ ಎಂದು ಆದೇಶ. ಈಗ ಕಪಾಟಿನ ಜಾಗದಲ್ಲಿ ಕಂಪ್ಯೂಟರಿನ ಬೀರು. ನರ್ಸ್ ಹೆಸರಿನ ಮೊದಲೆರಡು ಅಕ್ಷರ ಒತ್ತಿದರು. ಯಂತ್ರ ಆಗ ಔಷಧಗಳನ್ನು ಮೂಲ ಹೆಸರಿನಲ್ಲಿ ಹುಡುಕುತ್ತಿತ್ತು; ವರ್ಸೆಡ್ ಎಂಬುದು ಕಂಪನಿಯ ಹೆಸರು, ಅದರ ಮೂಲ ಹೆಸರು ಮಿಡಜೋಲಮ್. ಸಿಗದಿದ್ದಾಗ ತಡೆಯನ್ನು ದಾಟುವ ‘ಓವರ್‌ರೈಡ್’ ಬಳಸಿದರು. ಅವೇ ಎರಡು ಅಕ್ಷರಗಳಿಂದ ಶುರುವಾಗುವ ವೆಕುರೋನಿಯಂ ಬಂತು. ಅದು ಉಸಿರಾಟದ ಸ್ನಾಯುಗಳನ್ನೂ ಸೇರಿಸಿ ಇಡೀ ಮೈಯನ್ನು ನಿಶ್ಚಲಗೊಳಿಸುವ ಔಷಧ. ವರ್ಸೆಡ್ ದ್ರವ, ಇದು ಪುಡಿ; ನೀರು ಬೆರೆಸಬೇಕಾಯಿತು. ಮುಚ್ಚಳದ ಮೇಲೆ ಎಚ್ಚರಿಕೆಯೂ ಇತ್ತು. ಓದಬೇಕಿತ್ತು. ಇದನ್ನು ನಾನು ಮನ್ನಿಸಿ ಹೇಳಲಾರೆ. ಮೂರು ಸಲ ಓದು ಎಂಬ ಹಳೆಯ ನಿಯಮ ಹುಟ್ಟಿದ್ದೇ ಇಂಥ ಗಳಿಗೆಗಾಗಿ. ಆದರೆ ಸ್ಕ್ಯಾನಿಂಗ್ ಜಾಗದಲ್ಲಿ ಬಾರ್‌ಕೋಡ್ ಓದುವ ಯಂತ್ರ ಇರಲಿಲ್ಲ. ಓವರ್‌ರೈಡ್ ಒತ್ತುವುದು ಆ ದಿನಗಳಲ್ಲಿ ಅಲ್ಲಿ ನಿತ್ಯದ ಮಾತಾಗಿತ್ತು ಎಂಬ ಸಾಕ್ಷ್ಯವೂ ನ್ಯಾಯಾಲಯದ ಮುಂದೆ ಬಂತು.

ತಪ್ಪಾಗಿದೆ ಎಂದು ತಿಳಿದ ಕೂಡಲೇ ಆ ನರ್ಸ್ ತಾವೇ ಹೇಳಿಕೊಂಡರು. 2022ರ ಮಾರ್ಚ್‌ನಲ್ಲಿ ಜ್ಯೂರಿ ಅವರನ್ನು ಅಪರಾಧಿ ಎಂದಿತು. ಮೇ ತಿಂಗಳಲ್ಲಿ ಮೂರು ವರ್ಷದ ಪ್ರೊಬೇಷನ್ ಶಿಕ್ಷೆ ಪ್ರಕಟವಾದಾಗ ನ್ಯಾಯಾಲಯದ ಹೊರಗೆ ಬೇರೆ ಬೇರೆ ಊರುಗಳಿಂದ ಬಂದ ನರ್ಸುಗಳು ಸೇರಿದ್ದರು. ಅವರ ಭಯ ಸರಳವಾದದ್ದು. ಹೇಳಿಕೊಂಡವರಿಗೆ ಶಿಕ್ಷೆಯಾದರೆ ನಾಳೆ ಯಾರು ಹೇಳಿಕೊಳ್ಳುತ್ತಾರೆ? ಬಾರ್ಕರ್ ಮತ್ತು ಮೆಕಾನೆಲ್ ಖಾಲಿ ಕಂಡಿದ್ದ ವರದಿ ಪುಸ್ತಕ ಇನ್ನಷ್ಟು ಖಾಲಿಯಾಗುತ್ತದೆ. ಆ ಭಯಕ್ಕೆ ಓಗೊಟ್ಟು ನೆರೆಯ ಕೆಂಟಕಿ ರಾಜ್ಯ 2024ರಲ್ಲಿ, ಕೆಲಸದ ನಡುವಿನ ಇಂಥ ತಪ್ಪಿಗೆ ಆರೋಗ್ಯ ಸಿಬ್ಬಂದಿಯ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡದಂತೆ ಕಾನೂನು ಮಾಡಿತು.

ಔಷಧ ಸುರಕ್ಷತೆಗಾಗಿಯೇ ಇರುವ ಐಎಸ್‌ಎಂಪಿ ಎಂಬ ಅಮೆರಿಕದ ಸಂಸ್ಥೆ, ಐದು ಸರಿಗಳು ಗುರಿಗಳೇ ಹೊರತು ಗುರಿ ಮುಟ್ಟುವ ದಾರಿಯಲ್ಲ ಎಂದು ಬಹಳ ಕಾಲದಿಂದ ಹೇಳುತ್ತಾ ಬಂದಿದೆ. ಔಷಧದ ಬೀರುಗಳಲ್ಲಿ ಎರಡಕ್ಷರಕ್ಕೆ ಪಟ್ಟಿ ತೆರೆಯಬಾರದು, ಕನಿಷ್ಠ ಐದು ಅಕ್ಷರ ಒತ್ತಿಸಿಕೊಳ್ಳಬೇಕು ಎಂಬುದು ಅದರ ಶಿಫಾರಸು. ಬೀರು ತಯಾರಿಸುವ ಕಂಪನಿಗಳು ಆ ಸೌಲಭ್ಯವನ್ನು ಅಳವಡಿಸಿವೆ. ಅದನ್ನು ಚಾಲೂ ಮಾಡಿಕೊಳ್ಳುವುದು ಆಯಾ ಆಸ್ಪತ್ರೆಗೆ ಬಿಟ್ಟದ್ದು.